ಔಷಧಿ ಚೀಟಿ ಬರೆಯುವ ಅಧಿಕಾರ ಮನಶ್ಶಾಸ್ತ್ರಜ್ಞರಿಗೂ ಬೇಕೆ?

ಹೊಸನಗರದ ಒಳಹಳ್ಳಿಯಲ್ಲಿ ಯಾರಿಗಾದರೂ ಖಿನ್ನತೆ ಕಾಡಿದರೆ, ಮನೋವೈದ್ಯರನ್ನು ಕಾಣಲು ಮನೆಯವರು ಬಹುಮಟ್ಟಿಗೆ ಶಿವಮೊಗ್ಗದ ಬಸ್ಸು ಹಿಡಿಯಬೇಕಾಗುತ್ತದೆ. ಬೇರೆ ಬೇರೆ ಮನೋರೋಗಗಳಲ್ಲಿ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗುಳಿದಿದ್ದಾರೆಂದು 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿತು. ಮನೋವೈದ್ಯರು ವೈದ್ಯಕೀಯ ಓದಿದವರು; ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರ ಓದಿ ಮುಖ್ಯವಾಗಿ ಮಾತುಕತೆಯಿಂದ ಚಿಕಿತ್ಸೆ ಕೊಡುವವರು. ಹಾಗಿರುವಾಗ ಮನಶ್ಶಾಸ್ತ್ರಜ್ಞರೂ ಮಾತ್ರೆ ಬರೆದರೇನು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2002ರಲ್ಲಿ, ಲೂಯಿಸಿಯಾನಾ 2004ರಲ್ಲಿ ಇದಕ್ಕೆ ಒಪ್ಪಿದವು. ನ್ಯೂ ಮೆಕ್ಸಿಕೊದಲ್ಲಿ ಡಾಕ್ಟರೇಟ್ ಪಡೆದವರು 450 ಗಂಟೆಗಳ ಪಾಠ ಕೇಳಿ, ಮೇಲ್ವಿಚಾರಣೆಯಲ್ಲಿ ಕನಿಷ್ಠ 100 ರೋಗಿಗಳನ್ನು ನೋಡಿ, ಪರೀಕ್ಷೆ ಪಾಸಾಗಬೇಕು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 106ನೇ ಸೆಕ್ಷನ್ ಮಾತ್ರ, ತಮ್ಮ ವೃತ್ತಿಗೆ ಅಧಿಕಾರವಿಲ್ಲದ ಔಷಧಿಯನ್ನು ಯಾರೂ ಸೂಚಿಸಕೂಡದೆನ್ನುತ್ತದೆ.

ಈ ಎಚ್ಚರಿಕೆಗೆ ಕಾರಣ ದೇಹದಲ್ಲಿದೆ. ಉನ್ಮಾದ ಮತ್ತು ಖಿನ್ನತೆಗಳು ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮೂತ್ರಪಿಂಡದ ಮೂಲಕವೇ ಹೊರಹೋಗುತ್ತದೆ. ರಕ್ತದಲ್ಲಿ ಅದರ ಹಿತಕರ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವಿನ ಅಂತರ ತೀರ ಕಿರಿದು. ಮಳೆಗಾಲದಲ್ಲಿ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರೊಬ್ಬರು ಲಿಥಿಯಂ ತೆಗೆದುಕೊಳ್ಳುತ್ತಿದ್ದಾರೆನ್ನಿ. ಮೈಕೈ ನೋವಿಗೆಂದು ಅವರು ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ತಂದು ನಾಲ್ಕಾರು ದಿನ ನುಂಗಿದರೆ, ಮೂತ್ರಪಿಂಡ ಲಿಥಿಯಂ ಹೊರಹಾಕುವುದು ನಿಧಾನವಾಗಿ, ಕೈ ನಡುಗಿ, ಮಾತು ತೊದಲಿ, ನಡಿಗೆ ತಪ್ಪಬಹುದು. ಚೀಟಿ ಬರೆದವರು ಮೂತ್ರಪಿಂಡ, ಥೈರಾಯ್ಡ್‌ಗಳ ಪರೀಕ್ಷೆಯನ್ನೂ ಓದಬಲ್ಲವರಾಗಿರಬೇಕು.

ರೋಗ ಗುರುತಿಸುವುದೂ ಅಷ್ಟೇ ಕಠಿಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕೆಲವರಲ್ಲಿ ಜ್ವರ ಇಳಿದ ಒಂದೆರಡು ವಾರಗಳ ಮೇಲೆ ಮರುಕಳಿಸಿ, ತೀವ್ರ ತಲೆನೋವು, ನಡುಕ, ಬುದ್ಧಿಭ್ರಮಣೆ ತರುತ್ತದೆ. ಅದನ್ನು ಮನೋರೋಗವೆಂದು ತಿಳಿದು ಮಾತ್ರೆ ಬರೆದರೆ ಅನಾಹುತವೇ ಸರಿ.

ಹಾಗೆಂದು ಈಗಿನ ಸ್ಥಿತಿಯೇ ಇರಲಿ ಎನ್ನಲು ನನಗೆ ಮನಸ್ಸಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ವೈದ್ಯರಿಗೆ ಮಾತ್ರೆ ಬರೆಯುವ ಅಧಿಕಾರ ಈಗಾಗಲೇ ಇದೆ. ಅವರಿಗಿಲ್ಲದ್ದು ರೋಗಿಯೊಂದಿಗೆ ಮುಕ್ಕಾಲು ಗಂಟೆ ಕೂತು ಮಾತನಾಡುವ ಸಮಯ ಮತ್ತು ತರಬೇತಿ. ಅವೆರಡೂ ಮನಶ್ಶಾಸ್ತ್ರಜ್ಞರಲ್ಲಿವೆ. ತೀರ್ಥಹಳ್ಳಿ, ಸಾಗರ, ಹೊಸನಗರದಂಥ ಕಡೆ ಇವರಿಬ್ಬರೂ ಒಂದೇ ಸೂರಿನಡಿ ಕೆಲಸ ಮಾಡುವಂತೆ ಹುದ್ದೆಗಳನ್ನು ತುಂಬುವುದು, ಜಟಿಲ ಪ್ರಕರಣಗಳಲ್ಲಿ ಜಿಲ್ಲಾಕೇಂದ್ರದ ಮನೋವೈದ್ಯರನ್ನು ಫೋನಿನಲ್ಲಿ ಕೇಳುವ ಏರ್ಪಾಡು ಮಾಡುವುದು ಕಾಯ್ದೆ ತಿದ್ದದೆಯೇ ಸಾಧ್ಯವಿರುವ ಕೆಲಸಗಳು.