ಮಳೆಚರಂಡಿ, ಕಡಲತೀರ ಮತ್ತು ದುಡ್ಡಿನ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಡಲತೀರದ ಕೊಳೆ ತಡೆಯಲು ದುಡ್ಡು ಎಲ್ಲಿಂದ ಬರುತ್ತದೆ ಎಂಬ ಪಾಠ ಇದು. ಇದನ್ನು ಮೊದಲ ಸಲ ಓದಿದಾಗ ಅರ್ಧಕ್ಕರ್ಧ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ. ಅದಕ್ಕೆ ಕಾರಣ ‘ಚರಂಡಿ’ ಅನ್ನುವ ಒಂದೇ ಪದ. ನಮ್ಮಲ್ಲಿ ರಸ್ತೆ ಪಕ್ಕ ಮಳೆನೀರು ಹರಿಯುವುದೂ ಚರಂಡಿ, ಕಕ್ಕಸಿನ ನೀರು ಹೋಗುವ ಪೈಪೂ ಒಳಚರಂಡಿ. ಹಾಗಾಗಿ ಲಾಸ್ ಏಂಜಲೀಸ್‌ನ ಕಡಲತೀರ ಕೊಳಕಾಗಿದೆ ಅಂದ ಕೂಡಲೇ ಒಳಚರಂಡಿ ಸೋರಿರಬೇಕು ಅಂದುಕೊಂಡೆ. ಅದಲ್ಲ. ಅಲ್ಲಿ ಇವೆರಡೂ ಪೂರ್ತಿ ಬೇರೆ ಬೇರೆ ಜಾಲ. ಮನೆಯ ಕೊಳೆನೀರು ಹೈಪೀರಿಯನ್ ಅನ್ನುವ ದೊಡ್ಡ ಸ್ಥಾವರಕ್ಕೆ ಹೋಗಿ ಶುದ್ಧವಾಗುತ್ತದೆ. ರಸ್ತೆಯ ನೀರು ಮಾತ್ರ ಯಾವ ಶುದ್ಧೀಕರಣವೂ ಇಲ್ಲದೆ ಸೀದಾ ಸಮುದ್ರಕ್ಕೆ. ಅದೇ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋದ ಬಹುಭಾಗದಲ್ಲಿ ಎರಡೂ ಒಂದೇ ಪೈಪಿನಲ್ಲಿ ಹರಿಯುತ್ತವೆ. ಅದರ ತೊಂದರೆಗಳೇ ಬೇರೆ, ಇಲ್ಲಿ ಬೇಡ.

ಈ ವ್ಯತ್ಯಾಸವನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ದುಡ್ಡಿನ ವಿಷಯಕ್ಕೆ ಬಂದಾಗ ಕೋರ್ಟು ಕೂಡ ಇದೇ ಪದದ ಮೇಲೆ ತಲೆಕೆಡಿಸಿಕೊಳ್ಳುತ್ತದೆ.

ಮಳೆಯೇ ಇಲ್ಲದ ದಿನವೂ ಹರಿಯುವ ನೀರು

ಉಡುಪಿ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಲಾಸ್ ಏಂಜಲೀಸ್‌ನಲ್ಲಿ ಅದರ ಹತ್ತನೇ ಒಂದು ಭಾಗವೂ ಬರುವುದಿಲ್ಲ. ಬೇಸಿಗೆಯಲ್ಲಂತೂ ಹನಿಯೂ ಬೀಳದ ತಿಂಗಳುಗಳಿವೆ. ಆದರೂ ಮಳೆಚರಂಡಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಹುಲ್ಲುಹಾಸಿಗೆ ಜಾಸ್ತಿಯಾದ ನೀರು, ಕಾರು ತೊಳೆದ ನೀರು, ಹೋಟೆಲಿನ ಹಿಂಬದಿ ತೊಳೆದ ನೀರು. ದಾರಿಯಲ್ಲಿ ನಾಯಿಯ ಹೇಲು, ಎಣ್ಣೆ, ಗೊಬ್ಬರ, ಸಿಗರೇಟು ತುಂಡು ಎಲ್ಲವನ್ನೂ ಕೂಡಿಸಿಕೊಂಡು ಅದು ಮರಳಿನ ಮೇಲೆ ಬಂದು ಕೆರೆಯ ಹಾಗೆ ನಿಲ್ಲುತ್ತದೆ. ಮಕ್ಕಳು ಆಡುವುದೂ ಅಲ್ಲೇ. ಅಲೆ ಇಲ್ಲ, ನೀರು ಬೆಚ್ಚಗಿರುತ್ತದೆ ಅಲ್ವಾ!

ಮಳೆ ಬಂದಾಗ ಕಥೆ ಬೇರೆ. ತಿಂಗಳುಗಟ್ಟಲೆ ಕೂಡಿದ ಕೊಳೆಯನ್ನೆಲ್ಲ ಮೊದಲ ಮಳೆ ಒಂದೇ ಏಟಿಗೆ ಬಳಿದುಕೊಂಡು ಹೋಗುತ್ತದೆ. ಅದಕ್ಕೇ ಮಳೆ ಬಿದ್ದ ಮೇಲೆ 72 ಗಂಟೆ ಸಮುದ್ರಕ್ಕೆ ಇಳಿಯಬೇಡಿ ಎಂದು ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ.

ಮೊದಲು ಅಳತೆಗೆ ದುಡ್ಡು

ಕಾಯಿಲೆ ಬರುವುದು ನಿಜವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಲಾಸ್ ಏಂಜಲೀಸ್ ಪಕ್ಕದ ಸಾಂಟಾ ಮೋನಿಕಾ ಕೊಲ್ಲಿಯಲ್ಲಿ 1995ರ ಬೇಸಿಗೆಯಲ್ಲಿ ನಡೆದ ಅಧ್ಯಯನ. ಈಜಿದ ಹತ್ತು ಸಾವಿರಕ್ಕೂ ಜಾಸ್ತಿ ಜನರನ್ನು ಆಮೇಲೆ ಫೋನಿನಲ್ಲಿ ವಿಚಾರಿಸಿದರು. ಚರಂಡಿಯ ಬಾಯಿಯ ಎದುರೇ ಈಜಿದವರಿಗೆ, 400 ಗಜ ಆಚೆ ಈಜಿದವರಿಗಿಂತ ಜ್ವರ, ವಾಂತಿ, ಕಿವಿ ಸೋರುವುದು, ಕಫದ ಕೆಮ್ಮು ಜಾಸ್ತಿ ಕಂಡಿತು. ಒಂದೇ ಕಡಲತೀರ, ಒಂದೇ ದಿನ, ನಾಲ್ಕು ನಿಮಿಷ ನಡೆದರೆ ಸಿಗುವ ಅಂತರ. ಹೀಗೆ ಹೋಲಿಸಿದ್ದೇ ಈ ಅಧ್ಯಯನದ ಬಲ.

1997ರಲ್ಲಿ ರಾಜ್ಯ ಎಬಿ 411 ಎಂಬ ಕಾನೂನು ಮಾಡಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಜನ ಬರುವ, ಬೇಸಿಗೆಯಲ್ಲೂ ಚರಂಡಿ ಹರಿಯುವ ತೀರಗಳಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ನೀರು ಪರೀಕ್ಷಿಸಲೇಬೇಕು. ನೆನಪಿಡಬೇಕಾದ ಒಂದು ಅಂಕಿ: 100 ಮಿಲಿಲೀಟರ್ ಸ್ಯಾಂಪಲ್‌ನಲ್ಲಿ, ಅಂದರೆ ಸುಮಾರು ಅರ್ಧ ಲೋಟದಲ್ಲಿ, ಮಲದಲ್ಲಿರುವ ಎಂಟರೋಕಾಕಸ್ ಬ್ಯಾಕ್ಟೀರಿಯಾ 104 ದಾಟಿದರೆ ಎಚ್ಚರಿಕೆಯ ಬೋರ್ಡು. ಒಂದು ತೊಡಕೂ ಇದೆ. ಬ್ಯಾಕ್ಟೀರಿಯಾ ಬೆಳೆಸಿ ಎಣಿಸಲು ಸುಮಾರು ಒಂದು ದಿನ ಬೇಕು. ಹಾಗಾಗಿ ಇವತ್ತು ನೆಟ್ಟ ಬೋರ್ಡು ನಿನ್ನೆಯ ನೀರಿನ ಬಗ್ಗೆ ಹೇಳುತ್ತಿರುತ್ತದೆ. ಇವತ್ತಿನ ನೀರಿನಲ್ಲಿ ಜನ ಈಗಾಗಲೇ ಇಳಿದಾಗಿದೆ.

2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಬೀಚ್ ಆಕ್ಟ್ ತಂದಿತು. ಕರಾವಳಿ ರಾಜ್ಯಗಳಿಗೂ, ಗ್ರೇಟ್ ಲೇಕ್ಸ್ ಎಂಬ ದೊಡ್ಡ ಸರೋವರಗಳ ದಂಡೆಯ ರಾಜ್ಯಗಳಿಗೂ ಅನುದಾನ. ಕಾನೂನಿನಲ್ಲಿ ವರ್ಷಕ್ಕೆ 3 ಕೋಟಿ ಡಾಲರ್‌ಗೆ ಅವಕಾಶ ಇತ್ತು, ಕೈಗೆ ಬಂದದ್ದು ಸುಮಾರು 1 ಕೋಟಿ. ಅದನ್ನು ಎಲ್ಲ ರಾಜ್ಯಗಳೂ ಹಂಚಿಕೊಳ್ಳಬೇಕು. ಪರೀಕ್ಷೆಯಲ್ಲಿ ಕೇಳುವ ಅಂಶ ಇದು: ಈ ದುಡ್ಡು ನೀರು ಪರೀಕ್ಷಿಸಲು, ಜನರಿಗೆ ತಿಳಿಸಲು ಮಾತ್ರ. ಒಂದು ಅಡಿ ಪೈಪು ಹಾಕಲೂ ಬರುವುದಿಲ್ಲ. ಥರ್ಮಾಮೀಟರ್ ಕೊಟ್ಟು ಔಷಧಿಯನ್ನು ನೀವೇ ನೋಡಿಕೊಳ್ಳಿ ಅಂದ ಹಾಗೆ. ನನಗೇನೋ ಇದು ಪೂರ್ತಿ ತಪ್ಪು ಅನ್ನಿಸುವುದಿಲ್ಲ. ಬೋರ್ಡು ನೆಟ್ಟ ಮೇಲೇ ಊರಿನವರಿಗೆ ಸಿಟ್ಟು ಬರುವುದು.

ಸಿಟ್ಟು ಬಾಂಡ್ ಆಗಿ ಬದಲಾದದ್ದು

ಆ ಸಿಟ್ಟು ಬಂದದ್ದು 1999ರಲ್ಲಿ. ಸರ್ಫಿಂಗ್‌ಗೆ ಹೆಸರಾದ ಹಂಟಿಂಗ್‌ಟನ್ ಬೀಚ್‌ನ ದೊಡ್ಡ ಭಾಗ ಬೇಸಿಗೆಯ ಬಹುಪಾಲು ದಿನ ಮುಚ್ಚಿತ್ತು. ಪ್ರವಾಸಿಗರ ದುಡ್ಡಿನಲ್ಲಿ ಬದುಕುವ ಊರು ಅದು. 2001ರಲ್ಲಿ ರಾಜ್ಯದ ಕ್ಲೀನ್ ಬೀಚಸ್ ಇನಿಷಿಯೇಟಿವ್ ಶುರುವಾಯಿತು. ಮೊದಲ ಕಂತೇ 3 ಕೋಟಿ ಡಾಲರ್‌ಗೂ ಜಾಸ್ತಿ. ಇದರ ಮೂಲ 2000ನೇ ಇಸವಿಯ ಪ್ರಾಪೊಸಿಷನ್ (ಜನರ ಮತಕ್ಕೆ ಹಾಕುವ ಪ್ರಸ್ತಾವ) 13, ಅಂದರೆ ಮತದಾರರು ಒಪ್ಪಿದ 197 ಕೋಟಿ ಡಾಲರ್‌ನ ಜಲ ಬಾಂಡ್. (ಇಲ್ಲಿ ಎಡವಬೇಡಿ. 1978ರಲ್ಲೂ ಪ್ರಾಪೊಸಿಷನ್ 13 ಇದೆ, ಅದು ಆಸ್ತಿ ತೆರಿಗೆಗೆ ಮೂಗುದಾರ ಹಾಕಿದ್ದು. ನಂಬರ್ ಒಂದೇ, ಕೆಲಸ ಹೆಚ್ಚುಕಡಿಮೆ ಉಲ್ಟಾ.)

ಬಾಂಡ್ ಅಂದರೆ ಸಾಲ. ಸರ್ಕಾರ ಮಾರುಕಟ್ಟೆಯಲ್ಲಿ ಸಾಲ ಎತ್ತಿ ಈಗಲೇ ಕಟ್ಟುತ್ತದೆ, ಬಡ್ಡಿ ಸಮೇತ ಹತ್ತಾರು ವರ್ಷ ತೀರಿಸುತ್ತದೆ. ಈ ದುಡ್ಡನ್ನು ಬಾಳಿಕೆ ಬರುವ ಆಸ್ತಿಗೆ ಮಾತ್ರ ಹಾಕಬೇಕು. ತೊಟ್ಟಿ, ಪಂಪು, ಪೈಪು ಆಗುತ್ತದೆ. ಪಂಪ್ ನೋಡಿಕೊಳ್ಳುವವನ ಸಂಬಳ ಆಗುವುದಿಲ್ಲ.

ಹೀಗೆ ಕಟ್ಟಿದ್ದರಲ್ಲಿ ಅತಿ ಸಾದಾ, ನನಗೆ ಅತಿ ಇಷ್ಟವಾದದ್ದು ಲೋ ಫ್ಲೋ ಡೈವರ್ಷನ್. ಸಮುದ್ರ ಸೇರುವ ಮೊದಲು ಮಳೆಚರಂಡಿಗೆ ಅಡ್ಡವಾಗಿ ಒಂದು ತಗ್ಗು ಗುಂಡಿ. ಒಣ ದಿನಗಳ ಸಣ್ಣ ಹರಿವು ಅದರಲ್ಲಿ ಬೀಳುತ್ತದೆ. ಜಾಲರಿ ಕಸ ಹಿಡಿಯುತ್ತದೆ, ಪಂಪು ನೀರನ್ನು ಎತ್ತಿ ಪಕ್ಕದ ಒಳಚರಂಡಿಗೆ ದಾಟಿಸುತ್ತದೆ. ಮಳೆ ಬಂದರೆ ಪಂಪ್ ಆಫ್, ನೀರು ಹಳೇ ದಾರಿಯಲ್ಲೇ ಸಮುದ್ರಕ್ಕೆ. ಹಾಗೆ ಬಿಡದಿದ್ದರೆ ಮಳೆನೀರು ನುಗ್ಗಿ ಒಳಚರಂಡಿಯೇ ಉಕ್ಕುತ್ತದೆ. ಬೇಸಿಗೆಯ ಕೊಳೆಗೆ ಇದು ಒಳ್ಳೆ ಮದ್ದು, ಮಳೆಗಾಲದ ಕೊಳೆಗೆ ಏನೂ ಅಲ್ಲ.

ಸಾಂಟಾ ಮೋನಿಕಾ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2001ರ ಹೊತ್ತಿಗೆ ಅಲ್ಲಿನ ಪಿಯರ್ (ಸಮುದ್ರದೊಳಕ್ಕೆ ಚಾಚಿದ ಕಂಬಗಳ ಕಟ್ಟೆ) ಹತ್ತಿರ ಸ್ಮರ್ಫ್ ಎಂಬ ಸಣ್ಣ ಸ್ಥಾವರ ಓಡತೊಡಗಿತು. ದಿನಕ್ಕೆ ಸುಮಾರು 5 ಲಕ್ಷ ಗ್ಯಾಲನ್, ಅಂದರೆ 19 ಲಕ್ಷ ಲೀಟರ್ ರಸ್ತೆನೀರನ್ನು ಸೋಸಿ, ಅಲ್ಟ್ರಾವಯಲೆಟ್ ಬೆಳಕು ಹಾಯಿಸಿ, ಪಾರ್ಕಿನ ಗಿಡಗಳಿಗೆ, ಸ್ಮಶಾನದ ಹುಲ್ಲಿಗೆ, ಟಾಯ್ಲೆಟ್ ಫ್ಲಶ್‌ಗೆ ಕೊಡುವ ಸಾಮರ್ಥ್ಯ. ಬರಗಾಲದ ಊರಿಗೆ ಅದು ಎರಡು ಲಾಭ.

ಆದರೂ ಆ ಪಿಯರ್ ಹಲವು ವರ್ಷ ಕೆಟ್ಟ ತೀರಗಳ ಪಟ್ಟಿಯಲ್ಲೇ ಉಳಿಯಿತು. ಹೀಲ್ ದ ಬೇ ಎಂಬ ಸಂಸ್ಥೆ ತೀರಗಳಿಗೆ ಶಾಲೆಯ ಹಾಗೆ ಎ-ಯಿಂದ ಎಫ್‌ವರೆಗೆ ಗ್ರೇಡ್ ಕೊಡುತ್ತದೆ, ಆ ಪಟ್ಟಿ ಇದು. ಹುಡುಕಿದರೆ ಪಾರಿವಾಳಗಳೂ ಸಿಕ್ಕಿಬಿದ್ದವು! ಪಿಯರ್ ಕೆಳಗಿನ ತೊಲೆಗಳಲ್ಲಿ ಅವುಗಳ ಗೂಡು, ಬಿಸಿಲು ಬೀಳದ ಒದ್ದೆ ಮರಳು, ಹಿಕ್ಕೆ. ನಗರದವರು ಬಲೆ ಕಟ್ಟಿಸಿದರು. ಪಂಪಿನ ಮುಂದೆ ಬಲೆಯ ಖರ್ಚು ಯಾವ ಲೆಕ್ಕ? ಕೊಳೆ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದಕ್ಕೆ ದುಡ್ಡು ಇಡದೆ ಕಟ್ಟಡಕ್ಕೆ ಮಾತ್ರ ಇಟ್ಟರೆ ಇಂಥವು ತಪ್ಪಿಹೋಗುತ್ತವೆ.

2004ರಲ್ಲಿ ಲಾಸ್ ಏಂಜಲೀಸ್ ನಗರವೂ ಪ್ರಾಪೊಸಿಷನ್ ಓ ಮೂಲಕ 50 ಕೋಟಿ ಡಾಲರ್ ಬಾಂಡ್ ಎತ್ತಿತು. ಅದೂ ಕಟ್ಟಲಿಕ್ಕೇ.

ಜಾಲರಿ ಬಳಿಯುವವರ ಸಂಬಳ ಯಾರು ಕೊಡುತ್ತಾರೆ?

ಪಾಠದ ನಿಜವಾದ ಗಂಟು ಇಲ್ಲಿದೆ. ಜಾಲರಿ ಕಟ್ಟಿಕೊಳ್ಳುತ್ತದೆ, ಪಂಪು ಸುಡುತ್ತದೆ, ಕರೆಂಟ್ ಬಿಲ್ ಪ್ರತಿ ತಿಂಗಳೂ ಬರುತ್ತದೆ. ಬಾಂಡ್ ಇದಕ್ಕಾಗುವುದಿಲ್ಲ. ಮನೆಗಳಿಂದ ಶುಲ್ಕ ಎತ್ತೋಣ ಅಂದರೆ 1996ರ ಪ್ರಾಪೊಸಿಷನ್ 218 ಅಡ್ಡ. ಆಸ್ತಿಗೆ ಸಂಬಂಧಿಸಿದ ಹೊಸ ಶುಲ್ಕಕ್ಕೆ ಮತ ಹಾಕಿಸಲೇಬೇಕು. ಕುಡಿಯುವ ನೀರು, ಒಳಚರಂಡಿ (ಕಾನೂನಿನ ಪದ ‘ಸೀವರ್’), ಕಸ ಈ ಮೂರಕ್ಕೆ ಮಾತ್ರ ವಿನಾಯಿತಿ.

ಸಲೀನಾಸ್ ಎಂಬ ಊರು ಮತ ಹಾಕಿಸದೆ ಮಳೆಚರಂಡಿ ಶುಲ್ಕ ಹಾಕಿತು. ಮಳೆಚರಂಡಿಯೂ ಸೀವರ್ರೇ ತಾನೆ ಎಂಬುದು ಅದರ ವಾದ. ತೆರಿಗೆದಾರರ ಸಂಘ ಕೋರ್ಟಿಗೆ ಹೋಯಿತು. ಸೀವರ್ ಅಂದರೆ ಜನ ಕಕ್ಕಸಿನ ನೀರಿನ ಪೈಪು ಎಂದೇ ತಿಳಿಯುತ್ತಾರೆ, ಇದು ಅದಲ್ಲ ಎಂದು ಮೇಲ್ಮನವಿ ಕೋರ್ಟು 2002ರಲ್ಲಿ ಹೇಳಿತು. ಶುಲ್ಕ ಬಿದ್ದುಹೋಯಿತು. ನಾನು ಕಂಗಾಲಾದ ಪದದ ಮೇಲೇ ಒಂದು ರಾಜ್ಯದ ಊರುಗಳೆಲ್ಲ 15 ವರ್ಷ ಕೈಕಟ್ಟಿ ಕೂತವು. 2017ರಲ್ಲಿ ಶಾಸನಸಭೆ ಎಸ್‌ಬಿ 231 ಎಂಬ ಕಾನೂನು ಮಾಡಿ, ಸೀವರ್ ಅಂದರೆ ಮಳೆಚರಂಡಿಯೂ ಸೇರಿ ಎಂದು ಬರೆಯಿತು.

ಹೀಗಿದ್ದರೂ ಲಾಸ್ ಏಂಜಲೀಸ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) 2018ರಲ್ಲಿ ಮತದಾರರ ಹತ್ತಿರವೇ ಹೋಯಿತು. ಅದು ಮೆಷರ್ ಡಬ್ಲ್ಯೂ. ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಸ್ವಲ್ಪ ಜಾಸ್ತಿಯೇ ಸಿಕ್ಕಿತು. ನೀರು ಇಂಗದ ಜಾಗ, ಅಂದರೆ ಚಾವಣಿ, ಕಾಂಕ್ರೀಟ್, ಟಾರು, ಎಷ್ಟಿದೆಯೋ ಅಷ್ಟಕ್ಕೆ ತೆರಿಗೆ: ವರ್ಷಕ್ಕೆ ಚದರಡಿಗೆ ಎರಡೂವರೆ ಸೆಂಟ್. 3,300 ಚದರಡಿ ಇದ್ದರೆ 82.50 ಡಾಲರ್. ಹುಲ್ಲು, ಮಣ್ಣಿಗೆ ಏನೂ ಇಲ್ಲ. ಒಟ್ಟು ವರ್ಷಕ್ಕೆ ಸುಮಾರು 28 ಕೋಟಿ ಡಾಲರ್. ಅರ್ಧ ಪ್ರದೇಶವಾರು ಯೋಜನೆಗಳಿಗೆ, ಶೇ. 40 ಆಯಾ ಊರುಗಳಿಗೆ, ಶೇ. 10 ಕೌಂಟಿಯ ಪ್ರವಾಹ ನಿಯಂತ್ರಣ ಸಂಸ್ಥೆಗೆ. ಮುಖ್ಯ ಅಂಶ, ಈ ದುಡ್ಡಿನಲ್ಲಿ ನಿರ್ವಹಣೆಯೂ ಮಾಡಬಹುದು. ಜಾಲರಿಗೆ ಕೊನೆಗೂ ಒಬ್ಬ ದಿಕ್ಕಾದ.

ನಮ್ಮಲ್ಲಿ ಪಡುಬಿದ್ರಿ, ಕಾಸರಕೋಡು ತೀರಗಳಿಗೆ 2020ರಲ್ಲಿ ಶುಚಿಯಾದ ತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕೂ ನೀರಿನ ಪರೀಕ್ಷೆ ಆಗಲೇಬೇಕು. ಅಂದರೆ ಅಳತೆಯ ಹಂತ ನಮಗೂ ಗೊತ್ತಿದೆ. ಚದರಡಿ ಲೆಕ್ಕದ ಹಂತ ಹೇಗಿರುತ್ತೆ ನೋಡೋಣ ಎಂದು ಟೇಪು ಹಿಡಿದು ನಮ್ಮ ಮನೆಯ ಅಂಗಳ ಅಳೆದೆ. ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲ. ಮೂರು ವರ್ಷದ ಹಿಂದೆ ಸಗಣಿ ಸಾರಿಸುತ್ತಿದ್ದ ಅಂಗಳಕ್ಕೆ ಈಗ ಇಂಟರ್‌ಲಾಕ್, ಅಡಿಯಲ್ಲಿ ಸಿಮೆಂಟು. ಒಂದು ಹನಿ ಇಂಗುವುದಿಲ್ಲ, ಮಳೆ ಬಂದರೆ ಎಲ್ಲ ಗೇಟಿನಡಿ ರಸ್ತೆಗೆ. ಸಾವಿರ ಚದರಡಿ, 25 ಡಾಲರ್. ಚಾವಣಿಯ ಲೆಕ್ಕ ಬೇರೆ. ಅಮ್ಮನಿಗೆ ಹೇಳಿದೆ. “ಮಣ್ಣೇ ಇರಲಿ ಅಂತ ನಾನು ಅವತ್ತೇ ಹೇಳಿದ್ದೆ” ಅಂದರು.