ಮೊದಲ ಗ್ರ್ಯಾನ್ ಪ್ರಿ: ಒಂಬತ್ತು ಕೆ.ಜಿ. ರಿಮ್ಮಿನ ಲೆಕ್ಕಾಚಾರ

1906ರಲ್ಲಿ ರೇಸ್ ಕಾರು ಪಂಕ್ಚರ್ ಆದರೆ ಏನು ಮಾಡುತ್ತಿದ್ದರು ಎಂಬುದು ಗೊತ್ತಾದರೆ ಆ ವರ್ಷದ ಅರ್ಧ ಕತೆ ಗೊತ್ತಾದಂತೆ. ಚಕ್ರ ಮರದ್ದು. ರಸ್ತೆ ಬದಿಯಲ್ಲಿ ಬಿಚ್ಚಿ ಬೇರೆ ಹಾಕುವಂಥದ್ದಲ್ಲ. ಜ್ಯಾಕ್ ಕೊಟ್ಟು ಎತ್ತಿ, ಹಳೇ ಟೈರನ್ನು ಚಾಕುವಿನಿಂದ ಕೊಯ್ದು ಕಿತ್ತು ಹಾಕಬೇಕು. ಹೊಸ ಟ್ಯೂಬ್ ಕೂರಿಸಿ, ಟೈರಿನ ಅಂಚನ್ನು ಲಿವರ್ ಹಾಕಿ ರಿಮ್ಮಿನೊಳಗೆ ತಳ್ಳಿ, ಆಮೇಲೆ ಗಾಳಿ ತುಂಬಬೇಕು. ಕೈ ಪಳಗಿದವರಿಗೂ ಹೆಚ್ಚುಕಮ್ಮಿ 15 ನಿಮಿಷ ಹಿಡಿಯುತ್ತಿತ್ತು. ಅವಸರದಲ್ಲಿ ಟ್ಯೂಬು ಅಂಚಿನಡಿ ಸಿಕ್ಕಿಕೊಂಡರೆ ಮತ್ತೆ ಮೊದಲಿನಿಂದ ಶುರು. ಇದನ್ನೆಲ್ಲ ಮಾಡಬೇಕಾದವರು ಚಾಲಕ ಮತ್ತು ಅವನ ಪಕ್ಕ ಕೂತ ಮೆಕ್ಯಾನಿಕ್, ಇಬ್ಬರೇ. ಮೂರನೆಯವರು ಕಾರು ಮುಟ್ಟುವಂತಿಲ್ಲ ಎಂಬುದು ನಿಯಮ.

ಆ ವರ್ಷ ಜೂನ್ 26 ಮತ್ತು 27ರಂದು ಫ್ರಾನ್ಸಿನ ಲ ಮಾನ್ ಊರಿನ ಪಕ್ಕ ನಡೆದ ರೇಸನ್ನು ಮೊದಲ ಗ್ರ್ಯಾನ್ ಪ್ರಿ ಎಂದು ಎಣಿಸುವುದು ವಾಡಿಕೆ. ಹೆಸರೇನೂ ಹೊಸದಲ್ಲ. ಪ್ಯಾರಿಸ್ಸಿನ ಕುದುರೆ ಜೂಜಿಗೆ 1863ರಿಂದಲೂ ಅದೇ ಹೆಸರಿತ್ತು, 1901ರಲ್ಲಿ ಪೋ ಊರಿನ ಮೋಟಾರ್ ರೇಸಿನಲ್ಲೂ ಅದನ್ನು ಬಳಸಿದ್ದರು. ‘ದೊಡ್ಡ ಬಹುಮಾನ’ ಎಂಬ ಮಾತಿಗೆ ತಕ್ಕ ದುಡ್ಡು ಇಟ್ಟದ್ದು ಮಾತ್ರ ಈ ಸಲ: ಗೆದ್ದವರಿಗೆ 45,000 ಫ್ರಾಂಕ್. ಆಗಿನ ಫ್ರಾಂಕಿನ ಬೆಲೆಯಲ್ಲಿ ಸುಮಾರು 13 ಕೆ.ಜಿ. ಬಂಗಾರ. ಒಂದೊಂದು ಕಾರಿಗೆ ಪ್ರವೇಶ ಶುಲ್ಕ 5,000 ಫ್ರಾಂಕ್.

ಆದರೆ ಈ ರೇಸ್ ಹುಟ್ಟಿದ್ದು ಬಹುಮಾನಕ್ಕಾಗಿ ಅಲ್ಲ, ಒಂದು ಕೋಟಾ ಜಗಳದಿಂದ. ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯ ಒಡೆಯ ಜೇಮ್ಸ್ ಗಾರ್ಡನ್ ಬೆನೆಟ್ ಕೊಟ್ಟ ಕಪ್ಪಿಗಾಗಿ 1900ರಿಂದ ದೇಶ ದೇಶಗಳ ನಡುವೆ ಪೈಪೋಟಿ ನಡೆಯುತ್ತಿತ್ತು. ಒಂದು ದೇಶಕ್ಕೆ ಮೂರೇ ಕಾರು, ಕಾರಿನ ಪ್ರತಿಯೊಂದು ಭಾಗವೂ ಆ ದೇಶದಲ್ಲೇ ತಯಾರಾಗಿರಬೇಕು. ಹತ್ತಾರು ಕಂಪನಿಗಳಿದ್ದ ಫ್ರಾನ್ಸಿಗೂ ಮೂರು, ಬೆರಳೆಣಿಕೆಯ ಕಂಪನಿಗಳಿದ್ದ ದೇಶಕ್ಕೂ ಮೂರು. 1904ರಲ್ಲಿ ಆ ಮೂರು ಜಾಗಕ್ಕಾಗಿ ಫ್ರಾನ್ಸಿನಲ್ಲಿ 29 ಕಾರುಗಳು ಮೊದಲು ತಮ್ಮತಮ್ಮಲ್ಲೇ ಸೆಣಸಬೇಕಾಯಿತು. ಅತ್ತ ಮರ್ಸಿಡಿಸ್ ಕಂಪನಿ ಜರ್ಮನಿಯ ಹೆಸರಲ್ಲಿ ಮೂರು, ಆಸ್ಟ್ರಿಯಾದ ಹೆಸರಲ್ಲಿ ಇನ್ನು ಮೂರು ಎಂದು ಎರಡು ಬಾಗಿಲಿನಿಂದ ಒಳಗೆ ಬರುತ್ತಿತ್ತು. 1904 ಮತ್ತು 1905ರಲ್ಲಿ ಕಪ್ ಗೆದ್ದದ್ದು ಫ್ರಾನ್ಸಿನ ಲಿಯೋಂ ತೇರಿಯೇ. ಗೆದ್ದವರ ದೇಶವೇ ಮುಂದಿನ ಪಂದ್ಯ ನಡೆಸಬೇಕು. ಫ್ರೆಂಚ್ ಆಟೊಮೊಬೈಲ್ ಕ್ಲಬ್ ಅದನ್ನು ನಡೆಸದೆ ಕೈಬಿಟ್ಟು, ಒಂದು ಕಂಪನಿಗೆ ಮೂರು ಕಾರು ಎಂಬ ಲೆಕ್ಕದಲ್ಲಿ ತನ್ನದೇ ರೇಸ್ ಘೋಷಿಸಿತು. ಬ್ರಿಟಿಷ್ ಕಂಪನಿಗಳು ಇದು ಫ್ರೆಂಚ್ ಕಾರುಗಳ ಜಾಹೀರಾತು ಅಂದುಕೊಂಡು ದೂರ ಉಳಿದವು. ಅವರ ಅನುಮಾನ ಪೂರಾ ಸುಳ್ಳೇನಲ್ಲ: ಹೆಸರು ಕೊಟ್ಟ 13 ಕಂಪನಿಗಳಲ್ಲಿ ಹತ್ತು ಫ್ರೆಂಚರವು. ಹೊರಗಿನಿಂದ ಬಂದವು ಇಟಲಿಯ ಫಿಯಟ್, ಇಟಾಲಾ ಮತ್ತು ಜರ್ಮನಿಯ ಮರ್ಸಿಡಿಸ್, ಅಷ್ಟೇ.

ಇನ್ನು ತೂಕದ ನಿಯಮ. ಕಾರು 1,000 ಕೆ.ಜಿ. ಮೀರಬಾರದು, ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇದ್ದರೆ ಇನ್ನೇಳು ಕೆ.ಜಿ. ರಿಯಾಯಿತಿ. ಭಾರಕ್ಕೆ ಮಿತಿ ಇಟ್ಟರೆ ಎಂಜಿನ್ನಿಗೂ ಮಿತಿ ಬೀಳುತ್ತದೆ ಎಂಬುದು ಇಂಥ ನಿಯಮದ ಹಿಂದಿನ ಎಣಿಕೆ. ಆದದ್ದೇ ಬೇರೆ. ಆಗಿನ ಎಂಜಿನ್ನುಗಳು ನಿಮಿಷಕ್ಕೆ ಸಾವಿರ ಚಿಲ್ಲರೆ ಸುತ್ತು ಮಾತ್ರ ತಿರುಗುತ್ತಿದ್ದರಿಂದ ಶಕ್ತಿ ಹೆಚ್ಚಿಸಲು ಇದ್ದ ಸುಲಭ ದಾರಿ ಒಂದೇ, ಸಿಲಿಂಡರ್ ದೊಡ್ಡದು ಮಾಡುವುದು. ಹಾಗಾಗಿ ಎಂಜಿನ್ ಉಬ್ಬಿತು, ತೂಕ ಸರಿದೂಗಿಸಲು ಉಳಿದದ್ದೆಲ್ಲ ಸವೆಯಿತು. ಪಾನಾರ್ ಕಾರಿನದು ನಾಲ್ಕೇ ಸಿಲಿಂಡರಿನ 18,279 ಸಿಸಿ ಎಂಜಿನ್. ಎಲ್ಲಕ್ಕಿಂತ ಚಿಕ್ಕದು ಗ್ರೆಗ್ವಾರ್ ಕಂಪನಿಯದು, ಅದೂ 7,433 ಸಿಸಿ. ರೆನೊ ನಡುವೆ ನಿಂತಿತು: 166 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 150 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಒಟ್ಟು 12,986 ಸಿಸಿ, 1,200 ಸುತ್ತಿನಲ್ಲಿ ಸುಮಾರು 90 ಅಶ್ವಶಕ್ತಿ. ಲೀಟರಿಗೆ ಏಳು ಅಶ್ವಶಕ್ತಿ ಬಂದಂತಾಯಿತು. ಇವತ್ತಿನ ಸಾಧಾರಣ ಬೈಕೂ ಇದಕ್ಕೆ ನಗುತ್ತದೆ. ಹೆಚ್ಚಿನವರು ಚೈನಿನಿಂದ ಹಿಂದಿನ ಚಕ್ರ ತಿರುಗಿಸಿದರೆ ರೆನೊ ಶಾಫ್ಟ್, ಅಂದರೆ ತಿರುಗುವ ದಂಡ, ಬಳಸಿತು. ರೇಡಿಯೇಟರ್ ಇದ್ದದ್ದು ಎಂಜಿನ್ನಿನ ಹಿಂದೆ, ಅಂದರೆ ಚಾಲಕನ ಕಾಲಿನ ಮುಂದೆ. ನೀರನ್ನು ತಳ್ಳಲು ಪಂಪಿಲ್ಲ, ಬಿಸಿನೀರು ತಾನಾಗಿ ಮೇಲೇರಿ ತಣ್ಣೀರು ಕೆಳಗಿಳಿಯುವ ಥರ್ಮೊಸೈಫನ್ ವ್ಯವಸ್ಥೆ. ಮುಂದಿನ ಚಕ್ರಕ್ಕೆ ಬ್ರೇಕೇ ಇರದ ಕಾಲವದು.

ಈ ತೂಕದ ತಕ್ಕಡಿಗೇ ಬಂದು ಕೂತದ್ದು ಮಿಶೆಲಿನ್ ಕಂಪನಿಯ ಬಿಚ್ಚುವ ರಿಮ್. ಚಕ್ರದ ಮರದ ಕಡ್ಡಿಗಳು ಕಾರಿನಲ್ಲೇ ಉಳಿಯುತ್ತವೆ, ನಟ್ಟು ಸಡಿಲಿಸಿದರೆ ಹೊರಗಿನ ರಿಮ್ ಮಾತ್ರ ಟೈರಿನ ಸಮೇತ ಕಳಚಿ ಬರುತ್ತದೆ. ಗಾಳಿ ತುಂಬಿಟ್ಟ ಇನ್ನೊಂದು ರಿಮ್ ತೂರಿಸಿ ನಟ್ಟು ಬಿಗಿದರೆ ಮುಗಿಯಿತು, ನಾಲ್ಕು ನಿಮಿಷವೂ ಬೇಡ. ಹತ್ತು ಪಂಕ್ಚರ್ ಆದರೆ ಉಳಿತಾಯ ಸುಮಾರು ಎರಡು ಗಂಟೆ. ತೊಡಕು ಒಂದೇ: ಈ ರಿಮ್ ಹಾಕಿದ ಚಕ್ರ ಮಾಮೂಲಿಗಿಂತ ಒಂಬತ್ತು ಕೆ.ಜಿ. ಹೆಚ್ಚು ತೂಗುತ್ತಿತ್ತು. ನಾಲ್ಕಕ್ಕೂ ಹಾಕಿದರೆ 36 ಕೆ.ಜಿ. ಎಂಜಿನ್ನಿಗೇ ತೂಕವನ್ನೆಲ್ಲ ಸುರಿದಿದ್ದ ಪಾನಾರ್ ಕಂಪನಿಗೂ ಇಟಾಲಾಕ್ಕೂ ಅಷ್ಟು ಜಾಗವಿರಲಿಲ್ಲ. ಫಿಯಟ್ ನಾಲ್ಕೂ ಚಕ್ರಕ್ಕೆ ಹಾಕಿತು. ರೆನೊ ಮತ್ತು ಎರಡು ಕ್ಲೆಮಾಂ-ಬಯಾರ್ ಕಾರುಗಳು ಹಿಂದಿನ ಎರಡಕ್ಕೆ ಮಾತ್ರ ಹಾಕಿದವು. ಎಂಜಿನ್ನಿನ ಎಳೆತವೂ ಬ್ರೇಕಿನ ಹಿಡಿತವೂ ಬೀಳುವುದು ಹಿಂದಿನ ಟೈರಿಗೇ ತಾನೆ? ಹದಿನೆಂಟು ಕೆ.ಜಿ.ಯಲ್ಲಿ ಬಹುಪಾಲು ಲಾಭ. ರೆನೊ ಗೆದ್ದದ್ದು ಈ ಅರ್ಧ ಲೆಕ್ಕದಲ್ಲಿ ಎಂದರೆ ತಪ್ಪಾಗಲಾರದು.

ನಮ್ಮಲ್ಲಿ ಈಗಲೂ ಹೆಚ್ಚುವರಿ ಚಕ್ರಕ್ಕೆ ‘ಸ್ಟೆಪ್ನಿ’ ಅನ್ನುತ್ತೇವಲ್ಲ, ಅದೂ ಇದೇ ಕಾಲದ ಕೂಸು. ವೇಲ್ಸಿನ ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಸಾಧನವದು. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಟೈರ್ ಸಮೇತದ ಇನ್ನೊಂದು ರಿಮ್ಮನ್ನು ಬಿಗಿದು ಊರು ಸೇರುವ ಉಪಾಯ. ಇಂಗ್ಲೆಂಡಿನವರು ಆ ಮಾತನ್ನು ಮರೆತರು, ನಮ್ಮ ಗ್ಯಾರೇಜುಗಳಲ್ಲಿ ಅದು ಉಳಿಯಿತು.

ಓಟದ ಹಾದಿ ಲ ಮಾನ್, ಸೇಂ-ಕಲೇ, ಲ ಫರ್ತೆ-ಬರ್ನಾರ್ ಊರುಗಳ ನಡುವಿನ ತ್ರಿಕೋನ, ಒಂದು ಸುತ್ತು 103.18 ಕಿ.ಮೀ. ದಿನಕ್ಕೆ ಆರು ಸುತ್ತಿನಂತೆ ಎರಡು ದಿನ, ಒಟ್ಟು 1,238 ಕಿ.ಮೀ. 1903ರ ಪ್ಯಾರಿಸ್-ಮ್ಯಾಡ್ರಿಡ್ ರೇಸಿನಲ್ಲಿ ಜನರೂ ಚಾಲಕರೂ ಸತ್ತು ಬೋರ್ಡೋದಲ್ಲೇ ಓಟ ನಿಲ್ಲಿಸಿದ ನೆನಪು ಹಸಿಯಾಗಿತ್ತು. ಹಾಗಾಗಿ 65 ಕಿ.ಮೀ. ಉದ್ದ ಬೇಲಿ ಹಾಕಿದರು, ಕಾಲ್ಸೇತುವೆ, ಸುರಂಗ ಕಟ್ಟಿದರು. ಸೇಂ-ಕಲೇ ಊರನ್ನು ಬಳಸಿಕೊಂಡು ಹೋಗಲು ಮರದ ಹಲಗೆ ಹಾಸಿದ ರಸ್ತೆಯನ್ನೇ ಮಾಡಿದರು. ಧೂಳು ಏಳದಿರಲೆಂದು ರಸ್ತೆಗೆ ಡಾಂಬರು ಬಳಿದರು. ಎಡವಟ್ಟಾದದ್ದು ಇಲ್ಲೇ.

ಓಟದ ದಿನ ಬಿಸಿಲು 49 ಡಿಗ್ರಿಗೆ ಏರಿತು ಎನ್ನುತ್ತವೆ ವರದಿಗಳು. ಡಾಂಬರು ಕರಗಿ, ಮುಂದಿನ ಕಾರಿನ ಚಕ್ರದಿಂದ ಸಿಡಿದು, ಹಿಂದಿನವರ ಮುಖಕ್ಕೆ ರಾಚಿತು. ರೆನೊ ಚಾಲಕ ಎಡ್ಮಂಡ್ ಅವರ ಕನ್ನಡಕ ಒಡೆದು ಡಾಂಬರು ಕಣ್ಣಿಗೇ ಹೊಕ್ಕಿತು. ಬೇರೆ ಕನ್ನಡಕ ಕೇಳಿದರು, ನಿಯಮ ಒಪ್ಪಲಿಲ್ಲ. ಬೇರೆ ಚಾಲಕನನ್ನು ಕೂರಿಸಲೂ ಬಿಡಲಿಲ್ಲ. ಅರೆಗುರುಡರಾಗಿ ಇನ್ನೆರಡು ಸುತ್ತು ಹೊಡೆದು ನಿಲ್ಲಿಸಿದರು. ಟೈರಿಗೂ ಇದೇ ಗತಿ. ಆಗಿನ ಟೈರಿನ ಒಡಲು ಹೆಣೆದ ಹತ್ತಿ ಬಟ್ಟೆ. ಉರುಳುವಾಗ ಅಡ್ಡ ಎಳೆ ಉದ್ದ ಎಳೆ ಒಂದಕ್ಕೊಂದು ಉಜ್ಜಿ ಒಳಗಿನಿಂದಲೇ ಕಾಯುತ್ತಿತ್ತು. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ರಸ್ತೆ, ಹೊರೆ ಒಂದು ಟನ್ನಿಗೂ ಮೇಲೆ. ಹೀಗಿರುವಾಗ ಸಿಡಿಯದೆ ಇನ್ನೇನಾದೀತು?

ಬೆಳಿಗ್ಗೆ ಆರಕ್ಕೆ ಶುರು, 90 ಸೆಕೆಂಡಿಗೊಂದು ಕಾರು. ಹೊರಟವು 32. ಮೊದಲ ಸುತ್ತಿನಲ್ಲೇ ಬ್ರಾಸಿಯೇ ಕಾರಿನ ಪಾಲ್ ಬಾರಾ 52 ನಿಮಿಷ 25 ಸೆಕೆಂಡಿನಲ್ಲಿ, ಗಂಟೆಗೆ 118 ಕಿ.ಮೀ. ಸರಾಸರಿಯಲ್ಲಿ ಸುತ್ತು ಮುಗಿಸಿದರು. ಎರಡು ದಿನದಲ್ಲಿ ಅದನ್ನು ಯಾರೂ ಮುರಿಯಲಿಲ್ಲ. ಆದರೆ ಮುಂದೆ ಉಳಿದದ್ದು ಹಂಗೇರಿಯಲ್ಲಿ ಹುಟ್ಟಿ ರೆನೊದಲ್ಲಿ ಮೆಕ್ಯಾನಿಕ್ ಆಗಿದ್ದ ಫೆರೆಂಕ್ ಸಿಸ್. ಮೊದಲ ದಿನದ ಆರು ಸುತ್ತು ಅವರಿಗೆ 5 ಗಂಟೆ 45 ನಿಮಿಷ 30 ಸೆಕೆಂಡ್ ಹಿಡಿಯಿತು. ಎರಡನೆಯ ಆಲ್ಬೆರ್ ಕ್ಲೆಮಾಂ 26 ನಿಮಿಷ ಹಿಂದೆ. ದಿನ ಮುಗಿದಾಗ ಉಳಿದ ಕಾರುಗಳು 17.

ರಾತ್ರಿ ಕಾರುಗಳನ್ನು ಕಾವಲಿನಲ್ಲಿಟ್ಟರು, ಯಾರೂ ಮುಟ್ಟುವಂತಿಲ್ಲ. ಮರುದಿನ ಎಂಜಿನ್ ಚಾಲೂ ಮಾಡದೆ ಕುದುರೆ ಕಟ್ಟಿ ಗೆರೆಯವರೆಗೆ ಎಳೆತಂದರು. ಹೊರಡುವ ಹೊತ್ತು ಹಿಂದಿನ ದಿನ ತೆಗೆದುಕೊಂಡ ಸಮಯವೇ: ಸಿಸ್ 5.45ಕ್ಕೆ, ಕ್ಲೆಮಾಂ ಅದಾದ 26 ನಿಮಿಷಕ್ಕೆ. ರಾತ್ರಿ ಮಾಡಲಾಗದ ಕೆಲಸವನ್ನು ಗಡಿಯಾರ ಓಡುತ್ತಿರುವಾಗಲೇ ಮಾಡಬೇಕಲ್ಲ? ಸಿಸ್ ಮತ್ತು ಅವರ ಮೆಕ್ಯಾನಿಕ್ ಟೈರು ಬದಲಿಸಿ ಪೆಟ್ರೋಲ್ ತುಂಬಿಸಿ ಹೊರಡುವಷ್ಟರಲ್ಲಿ ಹನ್ನೊಂದೂವರೆ ನಿಮಿಷ ಹೋಗಿತ್ತು. ಎರಡನೇ ದಿನದ ಅವರ ಸರಾಸರಿ ವೇಗ ಗಂಟೆಗೆ 96 ಕಿ.ಮೀ.ಗಿಂತ ಕಡಿಮೆ, ಮೊದಲ ದಿನಕ್ಕಿಂತ ಹನ್ನೆರಡು ಕಿ.ಮೀ. ನಿಧಾನ. ಆದರೂ ಒಟ್ಟು 12 ಗಂಟೆ 14 ನಿಮಿಷದಲ್ಲಿ ಗೆದ್ದರು. ಕ್ಲೆಮಾಂ ಅವರನ್ನು ಹಿಂದಿಕ್ಕಿ ಎರಡನೆಯವರಾದ ಫಿಯಟ್ಟಿನ ಫೆಲಿಚೆ ನಾಜಾರೊ ಬಂದದ್ದು 32 ನಿಮಿಷ ತಡವಾಗಿ. ಮೊದಲೆರಡೂ ಬಿಚ್ಚುವ ರಿಮ್ಮಿನ ಕಾರುಗಳು. ಓಟ ಪೂರೈಸಿದ್ದು ಹನ್ನೊಂದು.

ಆ ವರ್ಷದ ಉಳಿದ ರೇಸುಗಳನ್ನು ಒಂದು ಸರಣಿ ಅನ್ನುವಂತಿಲ್ಲ, ಅಂಕಪಟ್ಟಿ ಎಂಬುದೇ ಇರಲಿಲ್ಲ. ಮೇ ತಿಂಗಳಲ್ಲಿ ಸಿಸಿಲಿಯ ಮೊದಲ ಟಾರ್ಗಾ ಫ್ಲೋರಿಯೊ ಇಟಾಲಾಕ್ಕೆ, ಆಗಸ್ಟಿನಲ್ಲಿ ಆರ್ಡೆನ್ ಓಟ ಲೊರೇನ್-ಡೀಟ್ರಿಶ್ ಕಂಪನಿಗೆ, ಅಕ್ಟೋಬರಿನಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ಕಪ್ ಡರಾಕ್ ಕಂಪನಿಗೆ ಹೋದವು. ರೆನೊಗೆ ಮಾತ್ರ ಲ ಮಾನ್ ಗೆಲುವು ಚೆನ್ನಾಗಿ ಒದಗಿತು: 1906ರಲ್ಲಿ ಸುಮಾರು 1,600 ಕಾರು ಮಾರಿದ್ದ ಕಂಪನಿ 1908ರಲ್ಲಿ 4,600 ದಾಟಿತು.

ತೂಕದ ಮಿತಿ ಒಂದೇ ವರ್ಷಕ್ಕೆ ಹೋಯಿತು. 1907ರಲ್ಲಿ ಫ್ರಾನ್ಸಿನ ದಿಯೆಪ್‌ನಲ್ಲಿ ಅದರ ಬದಲು 100 ಕಿ.ಮೀ.ಗೆ 30 ಲೀಟರ್ ಪೆಟ್ರೋಲ್ ಎಂಬ ಮಿತಿ ಬಂತು, ನಾಜಾರೊ ಗೆದ್ದರು. 1908ರಲ್ಲಿ ಮತ್ತೊಂದು ಲೆಕ್ಕ: ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಬೋರ್ 155 ಮಿ.ಮೀ. ಮೀರಬಾರದು, ತೂಕ 1,100 ಕೆ.ಜಿ.ಗಿಂತ ಕಡಿಮೆ ಇರಬಾರದು. ಗೆದ್ದದ್ದು ಮರ್ಸಿಡಿಸ್. ತಮಗಾಗಿ ಕಟ್ಟಿಕೊಂಡ ರೇಸಿನಲ್ಲಿ ಎರಡು ಸಲ ಸತತವಾಗಿ ಸೋತ ಫ್ರೆಂಚ್ ಕಂಪನಿಗಳು ಖರ್ಚಿನ ನೆಪ ಹೇಳಿ ಕೈ ತೊಳೆದುಕೊಂಡವು, 1912ರವರೆಗೆ ಫ್ರೆಂಚ್ ಕ್ಲಬ್ಬಿನ ಗ್ರ್ಯಾನ್ ಪ್ರಿ ನಡೆಯಲಿಲ್ಲ. ರಿಮ್ಮು ಬಿಚ್ಚಬಹುದು, ಇಡೀ ಚಕ್ರ ಬಿಚ್ಚುವಂತಿಲ್ಲ ಎಂಬ ಹಟವೂ 1908ರಲ್ಲಿ ಇತ್ತು. ತಂತಿ ಕಡ್ಡಿಯ, ಬಿಚ್ಚಿ ಹಾಕುವ ಚಕ್ರ ತಂದಿದ್ದ ಬ್ರಿಟನ್ನಿನ ನೇಪಿಯರ್ ತಂಡ ಅದೇ ಕಾರಣಕ್ಕೆ ವಾಪಸಾಯಿತು. ನಾಲ್ಕು ವರ್ಷದ ಮೇಲೆ ದಿಯೆಪ್‌ನಲ್ಲಿ ಪೂಜೋ ಕಾರು ಬಂದದ್ದು ಅಂಥದ್ದೇ ತಂತಿ ಚಕ್ರಗಳ ಮೇಲೆ, ನಡುವೆ ಒಂದೇ ನಟ್ಟು. ಅದರ ಎಂಜಿನ್ 7.6 ಲೀಟರ್, ಅದು ಸೋಲಿಸಿದ ಫಿಯಟ್‌ಗಳದು 14.