ಗ್ರಿಪ್ಪರ್ ಒತ್ತಿದರೆ ಕೋರ್ ಗಟ್ಟಿಯಾಗುತ್ತಾ?

"ದಿನಾ ಹ್ಯಾಂಡ್ ಗ್ರಿಪ್ಪರ್ (ಮುಷ್ಟಿಯಲ್ಲಿ ಹಿಂಡುವ ಸ್ಪ್ರಿಂಗ್ ಹಿಡಿ) ಒತ್ತುತ್ತಿದ್ದೇನೆ. ಕೈ ಹಿಡಿತ ಬಲವಾದರೆ ಕೋರ್, ಅಂದರೆ ಹೊಟ್ಟೆ, ಬೆನ್ನು, ಸೊಂಟದ ಸ್ನಾಯುಗಳು ಕೂಡ ತಾನಾಗೇ ಗಟ್ಟಿಯಾಗುತ್ತವಂತೆ, ಹೌದಾ?"

ಮತ್ತೆ ಅದೇ ಪ್ರಶ್ನೆ. ಉತ್ತರವೂ ಅದೇ: ಇಲ್ಲ. ಸುಮ್ನೆ ಇಲ್ಲ ಅಂದರೆ ಯಾರೂ ಕೇಳುವುದಿಲ್ಲ, ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಹೌದು ಅನ್ನುವವರು ತೋರಿಸುವುದು 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನವನ್ನು. 17 ದೇಶಗಳ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದು, ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸಿದ್ದರು. ಹಿಡಿತ 5 ಕೆಜಿ ಕಡಿಮೆಯಾದಂತೆ ಸಾವಿನ ಅಪಾಯ 16% ಜಾಸ್ತಿ ಕಂಡಿತು. ಸರಿ, ಒಪ್ಪೋಣ. ಆದರೆ ಅಲ್ಲಿ ಯಾರಿಗೂ ಗ್ರಿಪ್ಪರ್ ಕೊಟ್ಟು ಒತ್ತಿಸಿರಲಿಲ್ಲ, ಅಳೆದಿದ್ದು ಅಷ್ಟೇ! ಚೆನ್ನಾಗಿ ಉಂಡು, ಓಡಾಡಿ, ಭಾರ ಎತ್ತಿ ಮೈಯೆಲ್ಲ ಗಟ್ಟಿ ಇರುವವರ ಕೈಯೂ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ವಯಸ್ಸಾಗಿ ಸ್ನಾಯು ಕರಗುತ್ತಿದೆಯಾ ಅಂತ ನೋಡಲು ವೈದ್ಯರು ಹಿಡಿತ ಅಳೆಯುವುದೂ ಇದಕ್ಕೇ. ಕೈ ಇಲ್ಲಿ ಸುದ್ದಿ ಹೇಳುತ್ತಿದೆ, ಮೈ ಕಟ್ಟುತ್ತಿಲ್ಲ. ಹೊಟ್ಟೆ, ಬೆನ್ನು ಸೋತಿದೆ ಅಂತ ಗ್ರಿಪ್ಪರ್ ಒತ್ತುತ್ತಾ ಕೂತರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಮುಷ್ಟಿ ಬಿಗಿದರೆ ಹೊಟ್ಟೆಯೂ ಬಿಗಿಯುತ್ತದೆ ಅನ್ನುವ ಇನ್ನೊಂದು ವಾದ ಇದೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಈಗಲೇ ಮಾಡಿ ನೋಡಿ. ಎದ್ದು ನಿಂತು ಬಲಗೈ ಮುಷ್ಟಿಯನ್ನು ಮೆಲ್ಲಗೆ ಬಿಗಿ ಮಾಡಿ. ಮೊಣಕೈ ಕೆಳಗಷ್ಟೇ ಬಿಗಿಯಾಗುತ್ತದೆ, ಯಾಕಂದರೆ ಬೆರಳು ಮಡಚುವ ಮುಖ್ಯ ಸ್ನಾಯುಗಳು ಇರುವುದೇ ಅಲ್ಲಿ. ಈಗ ಪೂರ್ತಿ ಶಕ್ತಿ ಹಾಕಿ. ತೋಳು, ಭುಜ ಎಲ್ಲ ಸೆಟೆದು, ಹೊಟ್ಟೆಯ ಪಕ್ಕವೂ ಒಂಚೂರು ಬಿಗಿಯಾದ ಹಾಗೆ ಅನಿಸುತ್ತದೆ, ಅಲ್ವಾ? ಭಾರ ಎತ್ತುವ ಮುಂಚೆ ಬಾರನ್ನು (ತೂಕ ಹಾಕುವ ಕಬ್ಬಿಣದ ಸರಳನ್ನು) ಗಟ್ಟಿಯಾಗಿ ಹಿಂಡಿ ಅಂತ ತರಬೇತುದಾರರು ಕೂಗುವುದು ಇದಕ್ಕೇ. ಆದರೆ ಅದು ಕೆಲವು ಸೆಕೆಂಡಿನ ಬಿಗಿತ. ಕೋರ್‌ಗೆ ಬೇಕಾದದ್ದು ತಾಳಿಕೆಯೂ ಹೌದು, ಅಂದರೆ ಎಷ್ಟು ಹೊತ್ತು ಹಿಡಿದು ನಿಲ್ಲಬಹುದು ಅನ್ನುವುದು.

ಅದನ್ನು ಅಳೆಯುವ ಸೊರೆನ್ಸನ್ ಪರೀಕ್ಷೆ ಹೇಗಿರುತ್ತದೆ ನೋಡಿ. ಮೇಜಿನ ಮೇಲೆ ಬೋರಲು ಮಲಗಿಸಿ ಕಾಲು ಕಟ್ಟುತ್ತಾರೆ. ಸೊಂಟದಿಂದ ಮೇಲೆ ಮೈಯೆಲ್ಲ ಅಂಚಿನಾಚೆ ಗಾಳಿಯಲ್ಲಿ, ನೆಲಕ್ಕೆ ಸಮನಾಗಿ. 240 ಸೆಕೆಂಡು ತಡೆದರೆ ಸಾಕು ಅಂತ ನಿಲ್ಲಿಸುತ್ತಾರೆ. ಕೈಗಳು ಎದೆಯ ಮೇಲೆ ಸುಮ್ನೆ ಮಡಚಿಕೊಂಡಿರುತ್ತವೆ. ಅಲ್ಲಿ ಹಿಡಿತಕ್ಕೆ ಕೆಲಸವೇ ಇಲ್ಲ.

ಹಿಡಿತ, ಕೋರ್ ಎರಡೂ ಒಟ್ಟಿಗೆ ಬೇಕಾ? ಒಂದೇ ಕೈಯಲ್ಲಿ ಭಾರದ ಡಂಬೆಲ್ ಹಿಡಿದು ನೆಟ್ಟಗೆ ನಡೆಯಿರಿ. ಬಲಗೈಯಲ್ಲಿ ತೂಕ ಇದ್ದರೆ ಮೈ ಬಲಕ್ಕೆ ವಾಲಲು ನೋಡುತ್ತದೆ, ಎಡ ಸೊಂಟದ ಸ್ನಾಯುಗಳು ಅದನ್ನು ಎಳೆದು ಹಿಡಿಯುತ್ತವೆ, ಬೆರಳುಗಳೂ ಬಿಡುವ ಹಾಗಿಲ್ಲ. ಭುಜ ಕಿವಿಯ ಹತ್ತಿರ ಏರಿತು ಅಂದರೆ ಇಳಿಸಿ, ಕೈ ಬದಲಿಸಿ. ಇದರ ಜೊತೆ ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ಹಿಡಿಯುವುದು), ಸೈಡ್ ಪ್ಲ್ಯಾಂಕ್ (ಅದನ್ನೇ ಪಕ್ಕಕ್ಕೆ ತಿರುಗಿ) ಮಾಡಿ. ಉಸಿರು ಮಾತ್ರ ಕಟ್ಟಬೇಡಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಡೆಡ್‌ಲಿಫ್ಟ್‌ಗೆ (ನೆಲದ ಮೇಲಿನ ಬಾರನ್ನು ಎತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮಕ್ಕೆ) ಸ್ಟ್ರಾಪ್, ಅಂದರೆ ಮಣಿಕಟ್ಟನ್ನು ಬಾರಿಗೆ ಬಿಗಿಯುವ ಪಟ್ಟಿ, ಕಟ್ಟುವುದು ಮೋಸವೇನಲ್ಲ. ಬೆನ್ನು, ಕಾಲು ಇನ್ನೂ ತಯಾರಿದ್ದಾಗಲೇ ಬೆರಳು ಜಾರುವುದು ಮಾಮೂಲು, ಆ ಕೊನೆಯ ಭಾರದ ಸೆಟ್‌ಗಳಿಗೆ ಕಟ್ಟಿಕೊಳ್ಳಿ. ವಾರ್ಮ್‌ಅಪ್ ಬರಿಗೈಯಲ್ಲೇ ಮಾಡಿ. ಒಂದೇ ತೊಂದರೆ ಏನಂದರೆ, ಜಾರುವ ಕೈ ಒಂದು ರೀತಿ ತಡೆಯೂ ಹೌದು, ಸ್ಟ್ರಾಪ್ ಹಾಕಿದ ತಕ್ಷಣ ಆ ತಡೆ ಹೋಗಿ ನಿಮ್ಮ ನಡು ತಾಳಲಾರದಷ್ಟು ತೂಕ ಮೇಲೆದ್ದುಬಿಡಬಹುದು. ಪಕ್ಕದಿಂದ ಯಾರಿಂದಾದರೂ ವಿಡಿಯೋ ತೆಗೆಸಿ. ಬೆನ್ನು ಗೂನಾಗುತ್ತಿದ್ದರೆ ಸ್ಟ್ರಾಪ್ ಬಿಚ್ಚಿ, ಪ್ಲೇಟ್ ಇಳಿಸಿ.